ಹಳೇದು ತೋರಸ್ರಿ!

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಒಂಬತ್ತು ಬಿಲ್ಲುಗಳಿವೆ. ಹಳದಿ ಬಣ್ಣಕ್ಕೆ ತಿರುಗಿ, ಎಣ್ಣೆಗೈಯ ಬೆರಳಚ್ಚು ಹೊತ್ತು ಕೂತಿರುವ ಆ ಕಾಗದಗಳಲ್ಲಿ ಒಂಬತ್ತರಲ್ಲೂ ಒಂದೇ ಸಾಲು: 'ಆಯಿಲ್ ಫಿಲ್ಟರ್ ಹೊಸದು ಹಾಕಿದ್ದು.' ಒಂಬತ್ತರ ಕೆಳಗೂ ನಮ್ಮವ್ವನ ಸಹಿ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ಅವ್ವ ಒಂದೊಂದೇ ಅಕ್ಷರವನ್ನು ರಂಗೋಲಿಯ ಚುಕ್ಕಿ ಜೋಡಿಸಿದಂತೆ ಜೋಡಿಸಿ ಮಾಡಿದ ಸಹಿ. ಒಂಬತ್ತು ಸಲ ಅವಳು ಹಣ ಎಣಿಸಿ ಕೊಟ್ಟಿದ್ದಾಳೆ. ಫಿಲ್ಟರ್ ಮಾತ್ರ ಒಂದು ಸಲವೂ ಬದಲಾಗಿರಲಿಲ್ಲ.

ಈ ಲೇಖನ ಓದುವ ಅಕ್ಕತಂಗಿಯರಲ್ಲಿ ಅನೇಕರು ಇಲ್ಲಿಗೇ ಪುಟ ತಿರುವಬಹುದು. 'ಕಾರಿನ ಫಿಲ್ಟರ್ ಕಟ್ಟಿಕೊಂಡು ನಮಗೇನಾಗಬೇಕು?' ಎಂದು ಕೇಳಬಹುದು. ಸ್ವಲ್ಪ ತಡೆಯಿರಿ. ನನ್ನ ಜಗಳ ಇರುವುದೇ ಆ 'ನಮಗೇನಾಗಬೇಕು' ಎಂಬ ಮಾತಿನ ಜೊತೆ. ಆ ಮಾತಿಗೆ ನಮ್ಮವ್ವ ತೆತ್ತ ಬೆಲೆ ಎರಡು ಬಂಗಾರದ ಪಾಟ್ಲಿ.

ಅಪ್ಪ ಹುಕ್ಕೇರಿಯಲ್ಲಿ ವಕೀಲರಾಗಿದ್ದರು. 1982ರಲ್ಲಿ ಒಂದು ಬಿಳಿ ಅಂಬಾಸಿಡರ್ ಕಾರು ಕೊಂಡರು. ಆ ಕಾಲಕ್ಕೆ ಅಂಬಾಸಿಡರ್ ಅಂದರೆ ಮನೆತನದ ಮರ್ಯಾದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನೇ ತಂದು, ಬಂಗಾಲದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ತನಕ ತಯಾರಿಸಿದ ಗಾಡಿ ಅದು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಇಂಗ್ಲೆಂಡಿನದೇ ಸಂತಾನ. 1991ರಲ್ಲಿ ಅಪ್ಪ ತೀರಿಕೊಂಡರು. ಕಾರು ಉಳಿಯಿತು, ಅವ್ವ ಉಳಿದಳು, ದಿನಗೂಲಿಯ ಡ್ರೈವರ್ ಒಬ್ಬ ಉಳಿದ. ನಾಲ್ಕು ತಿಂಗಳಿಗೊಮ್ಮೆ ಗಾಡಿ ಗ್ಯಾರೇಜಿಗೆ ಹೋಗುತ್ತಿತ್ತು, ಬಿಲ್ಲು ಬರುತ್ತಿತ್ತು, ಅವ್ವ ಸಹಿ ಹಾಕುತ್ತಿದ್ದಳು. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಅವನೊಬ್ಬನೇ ಕಳ್ಳ, ಉಳಿದವರೆಲ್ಲ ಸಾಚಾ ಎಂಬ ಅರ್ಥ ಬಂದೀತು.

1994ರ ಬೇಸಿಗೆಯಲ್ಲಿ ಸಂಕೇಶ್ವರದಿಂದ ಹುಕ್ಕೇರಿಗೆ ಬರುವಾಗ ಎಂಜಿನ್ ಜಾಮ್ ಆಯಿತು. ನಾನು ಆಗ ಗೋಕಾಕದ ಹೈಸ್ಕೂಲಿನಲ್ಲಿ ಹೊಸ ಶಿಕ್ಷಕಿ. ಸುದ್ದಿ ಕೇಳಿ ಓಡಿಹೋದೆ. ಬೇರೆ ಕಡೆಯಿಂದ ಕರೆಸಿದ ಮುದುಕ ಮಿಸ್ತ್ರಿಯೊಬ್ಬರು ಎಂಜಿನ್ನಿನ ಪಕ್ಕದ ಒಂದು ಬಟ್ಟಲನ್ನು ಬಿಚ್ಚಿ, ಒಳಗಿನದನ್ನು ನನ್ನ ಕೈಗೆ ಹಾಕಿದರು. ಒಲೆಯ ಮಸಿಯಲ್ಲಿ ನೆನೆಸಿಟ್ಟ ರದ್ದಿ ಕಾಗದದ ಉಂಡೆಯಂತಿತ್ತು. ಮುಟ್ಟಿದರೆ ಪುಡಿಪುಡಿ. 'ಇದು ವಕೀಲ ಸಾಹೇಬರು ಇದ್ದಾಗಿಂದ ರೀ ಅಕ್ಕೋರ. ಆಮ್ಯಾಲೆ ಯಾರೂ ಕೈ ಹಚ್ಚಿಲ್ಲ' ಎಂದರು. ಕ್ರ್ಯಾಂಕಿಗೆ ಸಾಣೆ ಹಿಡಿಸಿ, ಬೇರಿಂಗುಗಳನ್ನೆಲ್ಲ ಬದಲಾಯಿಸಿ ಎಂಜಿನ್ ಮತ್ತೆ ಕಟ್ಟಲು ಅವ್ವನ ಪಾಟ್ಲಿ ಹೋದವು. ಅವಳು ಅತ್ತದ್ದು ಪಾಟ್ಲಿಗಲ್ಲ. 'ನನಗ ತೋರಸಂದ್ರ ತೋರಸ್ತಿದ್ನೇನೋ. ನಾ ಕೇಳಲೇ ಇಲ್ಲಲ್ಲ' ಎಂದು ಅತ್ತಳು.

ಅಷ್ಟು ವರ್ಷ ಆ ಮೋಸ ಹೇಗೆ ಬಯಲಾಗಲಿಲ್ಲ ಎಂದು ನೀವು ಕೇಳಬಹುದು. ಅದನ್ನು ತಿಳಿಯಬೇಕಾದರೆ ಫಿಲ್ಟರ್ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಕಷ್ಟದ ವಿದ್ಯೆಯೇನಲ್ಲ. ಚಹಾ ಸೋಸುವವರಿಗೆಲ್ಲ ಅರ್ಧ ಈಗಾಗಲೇ ಗೊತ್ತಿದೆ. ಎಂಜಿನ್ನಿನ ಹೊಟ್ಟೆಯ ಕೆಳಗಿನ ತಟ್ಟೆಯಲ್ಲಿ ನಾಲ್ಕು ಲೀಟರಿನಷ್ಟು ಎಣ್ಣೆ ಇರುತ್ತದೆ. ಒಂದು ಪಂಪು ಅದನ್ನು ಎತ್ತಿ, ತಿರುಗುವ ಭಾಗಗಳಿಗೆಲ್ಲ ಒತ್ತಡದಿಂದ ಕಳಿಸುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ಕೂದಲೆಳೆಗಿಂತ ತೆಳ್ಳಗೆ ಎಣ್ಣೆಯ ಪದರ ನಿಂತಿದ್ದರೆ ಎಂಜಿನ್ ಬದುಕುತ್ತದೆ. ಆದರೆ ಎಣ್ಣೆಯಲ್ಲಿ ಮಸಿ, ಧೂಳು, ಸವೆದ ಲೋಹದ ಚೂರು ಸೇರುತ್ತಲೇ ಇರುತ್ತವೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಹಿಂದೆ ಎಷ್ಟು ಧೂಳು ಏಳುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಈ ಹೊಲಸನ್ನು ಹಿಡಿಯಲು ನಿರಿಗೆ ನಿರಿಗೆಯಾಗಿ ಮಡಿಸಿದ ಕಾಗದದ ಜರಡಿ ಬೇಕು. ಅದೇ ಫಿಲ್ಟರ್. ಮೋಟಾರಿಗೆ ಇಂಥದೊಂದು ಬೇಕೆಂದು ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತ ತೋರಿಸಿಕೊಟ್ಟದ್ದು 1923ರಲ್ಲಿ.

ಈಗ ಮೋಸದ ಮರ್ಮಕ್ಕೆ ಬರೋಣ. ಕಾಗದ ಹೊಲಸಿನಿಂದ ಪೂರ್ತಿ ಕಟ್ಟಿಕೊಂಡರೆ ಎಣ್ಣೆ ನಿಂತುಹೋಗಿ ಎಂಜಿನ್ ತಕ್ಷಣ ಸಾಯಬಾರದಲ್ಲ? ಅದಕ್ಕಾಗಿ ಅಲ್ಲೊಂದು ಸಣ್ಣ ಬೈಪಾಸ್ ವಾಲ್ವು ಇಟ್ಟಿರುತ್ತಾರೆ. ಜರಡಿ ಕಟ್ಟಿತೆಂದರೆ ಅದು ತೆರೆದುಕೊಳ್ಳುತ್ತದೆ, ಎಣ್ಣೆ ಸೋಸದೆಯೇ ಮುಂದೆ ಹೋಗುತ್ತದೆ. ಗಾಡಿ ಓಡುತ್ತದೆ. ದೀಪ ಹತ್ತುವುದಿಲ್ಲ, ಸದ್ದಾಗುವುದಿಲ್ಲ. ಒಳಗೆ ಮಾತ್ರ ಬೇರಿಂಗುಗಳು ಉಸುಕು ಹಾಕಿ ತಿಕ್ಕಿದ ಪಾತ್ರೆಯಂತೆ ಸವೆಯುತ್ತಾ ಹೋಗುತ್ತವೆ. ಮೂರು ವರ್ಷ ಬಿಲ್ಲು ಬರೆದವನಿಗೆ ಈ ವಾಲ್ವಿನ ಗುಟ್ಟು ಚೆನ್ನಾಗಿ ಗೊತ್ತಿತ್ತು. ವಿಧವೆಯೊಬ್ಬಳು ಬಾನೆಟ್ ಎತ್ತಿ ನೋಡುವುದಿಲ್ಲ ಎಂಬುದೂ ಗೊತ್ತಿತ್ತು.

2012ರಲ್ಲಿ ಅವ್ವ ಹುಕ್ಕೇರಿಯ ಮನೆಗೆ ಕೀಲಿ ಹಾಕಿ ಗೋಕಾಕಕ್ಕೆ ನನ್ನ ಹತ್ತಿರ ಬಂದಳು. ಕಾರೂ ಬಂತು. ತಮ್ಮ ಗುಜರಿಗೆ ಹಾಕೋಣ ಎಂದ. ನಾನು ಒಲ್ಲೆ ಎಂದೆ. ಆ ಎಂಜಿನ್ನಿನಲ್ಲಿ ಅವ್ವನ ಪಾಟ್ಲಿ ಇದೆ. ಅಂದಿನಿಂದ ಎಣ್ಣೆ, ಫಿಲ್ಟರ್ ನಾನೇ ಬದಲಿಸತೊಡಗಿದೆ. ಆದರೆ ಆ ಬಟ್ಟಲಿನ ಜಾಗವೋ! ಎಂಜಿನ್ನಿನ ಬದಿಗೆ, ತಲೆಕೆಳಗಾಗಿ ಜೋತುಬಿದ್ದಿದೆ. ಗಾಡಿಯ ಕೆಳಗೆ ನುಸುಳಿ, ಅಂಗಾತ ಮಲಗಿ ನಡುವಿನ ಉದ್ದ ಬೋಲ್ಟನ್ನು ತಿರುಗಿಸಬೇಕು. ಬಿಚ್ಚಿದ ಕೂಡಲೇ ಎಣ್ಣೆ ಮೊಳಕೈವರೆಗೆ ಇಳಿಯುತ್ತದೆ. ಮೇಲಿನ ಗಾಡಿಯಲ್ಲಿ ಕೂತ ಹಳೆಯ ರಬ್ಬರ್ ಬಳೆಯನ್ನು ಪಿನ್ನಿನಿಂದ ಎಬ್ಬಿಸಿ ತೆಗೆಯಬೇಕು. ಅದನ್ನು ಮರೆತು ಅದರ ಮೇಲೆ ಹೊಸದನ್ನು ಕೂರಿಸಿದರೆ ಸೋರುವುದು ಖಂಡಿತ. ಐವತ್ತರ ತನಕ ಹೇಗೋ ಮಾಡಿದೆ. ನಿವೃತ್ತಿಯ ಹೊತ್ತಿಗೆ ಮೊಣಕಾಲು ಬೇಡ ಎಂದವು.

ಆಗ ನನ್ನ ತಲೆಗೆ ಹೊಳೆದದ್ದು ರಿಮೋಟ್ ಫಿಲ್ಟರ್. ಹೆಸರು ಕೇಳಿ ನಮ್ಮ ವೈನಿ ನಕ್ಕರು: 'ಟಿವಿ ರಿಮೋಟಿನಂಗ ಕುಂತಲ್ಲೇ ಒತ್ತೂದೇನ ಅದು?' ಹಾಗಲ್ಲ. ಫಿಲ್ಟರನ್ನು ಎಂಜಿನ್ನಿನಿಂದ ಬಿಡಿಸಿ, ಬಾನೆಟ್ ಎತ್ತಿದರೆ ಕೈಗೆ ಸಿಗುವಂಥ ದೂರದ ಜಾಗಕ್ಕೆ ಒಯ್ಯುವುದು. ಹಳೆಯ ಬಟ್ಟಲಿದ್ದ ಕಡೆ ಎರಡು ತೂತಿನ ಒಂದು ಲೋಹದ ತಟ್ಟೆ. ಒಂದು ತೂತಿನಿಂದ ಪೈಪಿನ ಮೂಲಕ ಎಣ್ಣೆ ಹೊರಗೆ, ಇನ್ನೊಂದರಿಂದ ಸೋಸಿದ ಎಣ್ಣೆ ಒಳಗೆ. ಆ ಕಡೆ ತುದಿಗೆ ಮಡ್‌ಗಾರ್ಡಿನ ಒಳಗೋಡೆಗೆ ಕೂರಿಸಿದ ತಲೆ; ಅದಕ್ಕೆ ಡಬ್ಬಿಯಂಥ ಹೊಸ ಮಾದರಿಯ ಫಿಲ್ಟರ್, ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ತಿರುಗಿಸಿ ಹಾಕುವುದು, ತಿರುಗಿಸಿ ತೆಗೆಯುವುದು. ಇಷ್ಟೇ.

ಇಷ್ಟಕ್ಕೆ ಎಷ್ಟು ಗಂಡಸರು ಎಷ್ಟು ಉಪದೇಶ ಮಾಡಿದರೆಂದು ಬರೆದರೆ ಇದೇ ಒಂದು ಪುಸ್ತಕವಾದೀತು. ಹುಕ್ಕೇರಿಯ ಒಬ್ಬ ಪರಿಚಯದವರು, 'ಕಂಪನಿ ಎಲ್ಲಿ ಇಟ್ಟೈತಿ ಅಲ್ಲೇ ಇರಬೇಕ್ರಿ. ನಾವ್ ಬದಲ್ ಮಾಡಾಕ ನಾವೇನ ಇಂಜಿನಿಯರ್ರೇನ್?' ಎಂದರು. ಇದು ಕೇಳಲು ಬಹಳ ವಿನಯದ ಮಾತು. ಆದರೆ ಕಂಪನಿಯವರೇ ಹಾಗೆ ತಿಳಿದಿರಲಿಲ್ಲ. ಇದೇ ವಂಶದ ಎಂಜಿನ್ ಇದ್ದ ಎಂಜಿಬಿ ಎಂಬ ಇಂಗ್ಲಿಷ್ ಕಾರಿನಲ್ಲಿ ಅವರೇ ಮುಂದೆ ಫಿಲ್ಟರನ್ನು ಬುಡಮೇಲು ಮಾಡಿ, ಮೇಲಿನಿಂದ ಕೈ ಎಟುಕುವಂತೆ ತಿರುಗಿಸಿಟ್ಟರು. ಅವರು ಬದಲಿಸಿದರೆ ಸುಧಾರಣೆ, ಗೋಕಾಕದ ಹೆಂಗಸು ಬದಲಿಸಿದರೆ ಅಧಿಕಪ್ರಸಂಗವೇ? ಅದೂ ಹುಕ್ಕೇರಿಯವರು ಈ ಮಾತನ್ನು ಆಡಬಾರದು. 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು, ಹಳ್ಳಿಹಳ್ಳಿಗೆ ತಾವೇ ಕರೆಂಟು ಹಂಚಿದ ತಾಲೂಕು ಅದು. ಅಂದು ಅವರ ಹಿರಿಯರು 'ನಾವೇನ ಇಂಜಿನಿಯರ್ರೇನ್' ಎಂದು ಕೂತಿದ್ದರೆ?

ಇನ್ನೊಬ್ಬರು, 'ರೊಕ್ಕಾ ಕೊಟ್ರ ಗ್ಯಾರೇಜಿನವ್ರು ಮಾಡ್ತಾರ. ನಿಮಗ್ಯಾಕ್ರಿ ಈ ಉಸಾಬರಿ?' ಎಂದರು. ಅವರಿಗೆ ನಾನು ಟ್ರಂಕಿನ ಒಂಬತ್ತು ಬಿಲ್ಲು ತೋರಿಸಿದೆ. ರೊಕ್ಕ ಕೊಟ್ಟದ್ದಕ್ಕೆ ಸಾಕ್ಷಿ ಅಲ್ಲಿದೆ. ಮಾಡಿದ್ದಕ್ಕೆ ಸಾಕ್ಷಿ ಎಲ್ಲಿ?

ಆದರೆ ನಾನು ಸಾಚಾ, ಉಳಿದವರೆಲ್ಲ ತಪ್ಪು ಎಂದು ಬರೆಯಲಾರೆ. 2022ರಲ್ಲಿ ಈ ಕೆಲಸಕ್ಕೆ ಕೈ ಹಾಕಿದಾಗ ನಾನೂ ಎಡವಿದೆ. ಒಬ್ಬ ಗ್ಯಾರೇಜಿನವನು, 'ಹಾಕಿ ಕೊಡ್ತೀನಿ ಬಿಡ್ರಿ' ಎಂದು ಕಪ್ಪು ರಬ್ಬರ್ ಪೈಪು ತಂದು, ಎರಡು ಕ್ಲಿಪ್ಪು ಬಿಗಿದು ಕೊಟ್ಟ. ಯಾವ ಪೈಪು ಎಂದು ನಾನು ಕೇಳಿದೆ. 'ಛಲೋ ಪೈಪು' ಎಂದ. ಪೈಪಿನ ಮೇಲೆ ಏನು ಅಚ್ಚಾಗಿದೆ ಎಂದು ಓದಿ ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ 'ಪ್ರಶ್ನೆ ಓದಿ ಉತ್ತರ ಬರೆಯಿರಿ' ಎಂದವಳು ನಾನು!

ಎರಡು ವಾರದ ಮೇಲೆ ಮೂಡಲಗಿಯಲ್ಲಿ ಗೆಳತಿಯ ಮಗಳ ಸೀಮಂತ ಮುಗಿಸಿ ಗೋಕಾಕಕ್ಕೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅವ್ವ. ಊರು ದಾಟಿ ಕಬ್ಬಿನ ಗದ್ದೆಗಳ ನಡುವೆ ಬಂದಾಗ ಎಣ್ಣೆಯ ಕೆಂಪು ದೀಪ ಫಕ್ಕನೆ ಹತ್ತಿತು. ಆ ದೀಪ ಹೇಳುವುದು ಒಂದೇ ಮಾತು: ಒತ್ತಡ ಇಲ್ಲ, ಈಗಲೇ ನಿಲ್ಲಿಸು. 'ಮುಂದಿನ ಊರಿನ ತನಕ ಹೋಗಿ ನೋಡೋಣ' ಎನ್ನುವವರ ಎಂಜಿನ್ ಮುಂದಿನ ಊರನ್ನು ಕಾಣುವುದಿಲ್ಲ. ನಾನು ಅಲ್ಲೇ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, ಉರುಳುತ್ತಿದ್ದ ಗಾಡಿಯನ್ನು ಬದಿಗೆ ತಂದೆ. ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ಪೈಪು ಕ್ಲಿಪ್ಪಿನ ಹತ್ತಿರ ಸೀಳಿ ಎಣ್ಣೆಯೆಲ್ಲ ಹೊರಗೆ ಸುರಿದಿತ್ತು.

ಐದು ನಿಮಿಷದಲ್ಲಿ ಹತ್ತು ಜನ ಗಂಡಸರು ಸೇರಿದರು. ಪೈಪನ್ನು ಯಾರೂ ನೋಡಲಿಲ್ಲ, ನನ್ನನ್ನು ನೋಡಿದರು. 'ಹೆಣಮಕ್ಕಳು ಗಾಡಿ ಹೊಡದ್ರ ಹಿಂಗ ನೋಡು' ಎಂದು ಒಬ್ಬ. ಫೋನಿನಲ್ಲಿ ತಮ್ಮ: 'ನಾ ಅವತ್ತ ಹೇಳಿದ್ದೆ ಅಕ್ಕಾ, ಗುಜರಿಗೆ ಹಾಕು ಅಂತ.' ಕೆಟ್ಟ ಪೈಪು ಹಾಕಿದವನು ಗಂಡಸು. ದೀಪ ನೋಡಿ ಎಂಜಿನ್ ಉಳಿಸಿದವಳು ಹೆಂಗಸು. ಆದರೂ ತಪ್ಪು ಯಾರ ತಲೆಗೆ ಬಂತು ನೋಡಿ! 1994ರಲ್ಲಿ ಡ್ರೈವರಿಗೆ ಆ ದೀಪದ ಅರ್ಥ ಗೊತ್ತಿದ್ದರೆ ಕ್ರ್ಯಾಂಕಾದರೂ ಉಳಿಯುತ್ತಿತ್ತೇನೋ.

ಮರುದಿನದಿಂದ ನಾನು ಕೆಲಸವನ್ನು ಮೊದಲಿನಿಂದ ಶುರು ಮಾಡಿದೆ, ಈ ಸಲ ಓದಿಕೊಂಡು. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಚದರ ಇಂಚಿಗೆ 50 ಪೌಂಡಿನ ಆಸುಪಾಸು ಇರುತ್ತದೆ. ಚಳಿಯಲ್ಲಿ ಚಾಲೂ ಮಾಡಿದಾಗ ಇನ್ನೂ ಹೆಚ್ಚು. ಎಣ್ಣೆಯ ಬಿಸಿ ಕುದಿಯುವ ನೀರಿನ ಹತ್ತಿರಕ್ಕೆ ಹೋಗುತ್ತದೆ. ನೀರಿಗೆಂದು ಮಾಡಿದ ರಬ್ಬರು ಬಿಸಿ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಹಾಗಾದರೆ ಇಂಥ ಎಣ್ಣೆ, ಇಂಥ ಒತ್ತಡ ತಡೆಯುವ ಪೈಪು ಎಲ್ಲಿದೆ? ಬೆಂಗಳೂರಿಗೋ ಪುಣೆಗೋ ಹೋಗಬೇಕಾಗಲಿಲ್ಲ. ಎಂಜಿನ್ ಕೆಟ್ಟು ನಿಂತ ಅದೇ ಮೂಡಲಗಿಯಲ್ಲಿ, ಜೆಸಿಬಿಗಳಿಗೂ ಟ್ರ್ಯಾಕ್ಟರ್ ಟ್ರಾಲಿಗಳಿಗೂ ಹೈಡ್ರಾಲಿಕ್ ಪೈಪು ಮಾಡಿಕೊಡುವ ಅಂಗಡಿ ಇತ್ತು. ಒಳಗೆ ಉಕ್ಕಿನ ತಂತಿ ಹೆಣೆದ ಪೈಪು. ಮೇಲೆ ತಾಳಬಲ್ಲ ಒತ್ತಡ ಅಚ್ಚಾಗಿದೆ. ನಮಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕ್ಲಿಪ್ಪು ಇಲ್ಲ, ತುದಿಗೆ ಯಂತ್ರದಲ್ಲಿ ಒತ್ತಿ ಕೂರಿಸಿದ ನಟ್ಟು. ಅಂಗಡಿಯ ಹುಡುಗ ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟ. 'ಅವ್ವಾರ, ಇಷ್ಟ ಕೇಳೂ ಗಿರಾಕಿ ಬರೂದಿಲ್ರಿ. ಕೇಳಿದ್ರ ನಮಗೂ ಹೇಳಾಕ ಖುಷಿ ಆಕ್ಕೈತಿ' ಎಂದ. ಗಂಡಸರೆಲ್ಲ ಒಂದೇ ಎಂದು ನಾನು ಬರೆಯದಿರಲು ಆ ಹುಡುಗನೇ ಕಾರಣ.

ತಟ್ಟೆಯನ್ನು ಗೋಕಾಕದ ಲೇತ್ ಮಷಿನ್ನಿನವರು ಕೊರೆದುಕೊಟ್ಟರು. ಪೈಪುಗಳನ್ನು ಸೈಲೆನ್ಸರಿನ ಬಿಸಿಗೂ ಫ್ಯಾನಿಗೂ ಸ್ಟಿಯರಿಂಗಿಗೂ ತಾಗದಂತೆ ಒಯ್ದೆವು. ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗುವುದರಿಂದ ಪೈಪಿಗೆ ಸ್ವಲ್ಪ ಸಡಿಲ ಬಳಕು ಬಿಟ್ಟೆವು. ಹೋಗುವುದು ಯಾವುದು, ಬರುವುದು ಯಾವುದು ಎಂದು ನಾನು ಸೀಮೆಸುಣ್ಣದಲ್ಲಿ ಬರೆದೆ. ಅದಲುಬದಲಾದರೆ ಡಬ್ಬಿಯೊಳಗಿನ ರಬ್ಬರ್ ಪರದೆ ಎಣ್ಣೆಯನ್ನು ತಡೆದುಬಿಡುತ್ತದೆ. ಹೊಸ ಡಬ್ಬಿಗೆ ಮೊದಲೇ ಎಣ್ಣೆ ತುಂಬಿದೆವು. ಕಾಯಿಲಿನ ವೈರು ಕಿತ್ತು, ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾರ್ಟರನ್ನು ಬಿಟ್ಟುಬಿಟ್ಟು ತಿರುಗಿಸಿದೆವು. ಕೆಂಪು ದೀಪ ಆರಿತು. ಆಮೇಲೆ ವೈರು ಹಾಕಿ ಚಾಲೂ ಮಾಡಿ, ಪ್ರತಿ ಕೂಡುಗಡೆಯನ್ನೂ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಪೈಪು ತುಂಬಲು ಹೋದಷ್ಟು ಎಣ್ಣೆಯನ್ನು ಕಡ್ಡಿ ನೋಡಿ ಮತ್ತೆ ಸುರಿದೆ.

'ನಿಮಗೆ ಅಂಬಾಸಿಡರ್ ಇದೆ, ಲೇಖನ ಬರೆಯುತ್ತೀರಿ. ಇಲ್ಲದವರು ಏನು ಮಾಡಬೇಕು?' ಎಂದು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಂದು ಪೇಟೆಯಲ್ಲಿ ಸ್ಕೂಟಿ ಓಡಿಸದ ಹುಡುಗಿ ಎಷ್ಟು ಮಂದಿ? ಅದರ ಹೊಟ್ಟೆಯಲ್ಲೂ ಎಣ್ಣೆ ಇದೆ, ಅದಕ್ಕೂ ಬಿಲ್ಲು ಇದೆ. ಬಾವಿಯ ಮೋಟಾರು, ಮಿಕ್ಸರು, ನೀರು ಸೋಸುವ ಯಂತ್ರ, ಎಲ್ಲದರ ರಿಪೇರಿಯವನೂ 'ಪಾರ್ಟ್ ಹೋಗೈತ್ರಿ, ಬದಲ್ ಮಾಡೇನಿ' ಎಂದು ಹೇಳಿ ಹೋಗುತ್ತಾನೆ. ಹೋದ ಪಾರ್ಟನ್ನು ಎಷ್ಟು ಜನ ನೋಡಿದ್ದೀರಿ? ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳದ ತೂತು ಹುಡುಕುವವರು ನಾವು. ಹೊಲಿಗೆ ಮಷಿನ್ನಿನ ಯಾವ ತೂತಿಗೆ ಎಷ್ಟು ಹನಿ ಎಣ್ಣೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಅದೇ ಕಣ್ಣು, ಅದೇ ಕೈ, ಮೋಟಾರಿನ ಮುಂದೆ ನಿಂತಾಗ ಯಾಕೆ ಸೆರಗಿನೊಳಗೆ ಸೇರಿಕೊಳ್ಳುತ್ತವೆ?

ಕಾರೆಂಬುದು ಹುಟ್ಟಿದ ಹೊಸತರಲ್ಲೇ, 1888ರಲ್ಲಿ, ಜರ್ಮನಿಯ ಬರ್ಥಾ ಬೆಂಜ್ ಎಂಬ ಗೃಹಿಣಿ ಗಂಡ ಮಾಡಿದ ಗಾಡಿಯನ್ನು ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರಿಗೆ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಮೋಟಾರು ಗಾಡಿಯ ಮೊದಲ ದೂರಪ್ರಯಾಣ ಮಾಡಿದವಳೂ, ದಾರಿಯಲ್ಲಿ ರಿಪೇರಿ ಮಾಡಿಕೊಂಡವಳೂ ಒಬ್ಬ ತಾಯಿ. ಇದು ಗಂಡಸರ ವಿದ್ಯೆ ಎಂದು ಆಮೇಲೆ ಯಾರು ಬೋರ್ಡು ಬರೆದು ತಗುಲಿಸಿದರೋ!

ನೀವೆಲ್ಲ ಮಿಸ್ತ್ರಿಗಳಾಗಿ ಎಂದು ನಾನು ಹೇಳುವುದಿಲ್ಲ. ಎಲ್ಲರೂ ಪಾನಾ ಹಿಡಿಯಬೇಕಾಗಿಲ್ಲ. ಮೂರು ಕೆಲಸ ಮಾಡಿ, ಸಾಕು. ಗಾಡಿಯ ಎಣ್ಣೆ ಯಾವತ್ತು, ಎಷ್ಟು ಕಿಲೋಮೀಟರಿಗೆ ಬದಲಾಯಿತೆಂದು ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಕೆಂಪು ದೀಪ ಹತ್ತಿದರೆ ಯಾರು ಏನೇ ಹೇಳಲಿ, ನಿಲ್ಲಿಸಿ. ರಿಪೇರಿಗೆ ಕೊಟ್ಟರೆ, ಬಿಲ್ಲಿಗೆ ಸಹಿ ಹಾಕುವ ಮೊದಲು, 'ಹಳೇದು ತೋರಸ್ರಿ' ಅನ್ನಿ. ನಗುತ್ತಾರೆ, ನಗಲಿ. ಪ್ರಾಮಾಣಿಕ ಮಿಸ್ತ್ರಿಗೆ ಈ ಮಾತಿನಿಂದ ಅವಮಾನವಾಗುವುದಿಲ್ಲ. ಸಿಟ್ಟಿಗೆ ಬಂದವನ ಗ್ಯಾರೇಜಿಗೆ ಎರಡನೆಯ ಸಲ ಹೋಗಬೇಡಿ.

ಕಳೆದ ಸಲ ಫಿಲ್ಟರ್ ಬದಲಿಸುವಾಗ ನಾನು ಅಂಗಳದಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ. ಎಣ್ಣೆಯನ್ನು ಮೋರಿಗೆ ಸುರಿಯದೆ ಡಬ್ಬಿಗೆ ತುಂಬಿದೆ. ಎಂಬತ್ತಾರು ದಾಟಿದ ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕೈ ತೊಳೆಯಲು ಹೊರಟಾಗ ಕರೆದಳು: 'ಏ ತಂಗಿ, ಹಳೇದು ತೋರಸು.' ಡಬ್ಬಿಯನ್ನು ಕತ್ತರಿಸಿ, ಒಳಗಿನ ಕಾಗದವನ್ನು ಪೇಪರಿನ ಮೇಲೆ ಬಿಡಿಸಿಟ್ಟೆ. ಚಷ್ಮಾ ಏರಿಸಿಕೊಂಡು ಒಂದೊಂದೇ ನಿರಿಗೆ ಸರಿಸಿ ನೋಡಿದಳು. ಲೋಹದ ಮಿಂಚು ಎಲ್ಲೂ ಇರಲಿಲ್ಲ, ಬರೀ ಮಸಿ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒಳಗಿನಿಂದ ವಹಿ ತರಿಸಿಕೊಂಡು, ತಾರೀಖು ಬರೆದು, ನಿಧಾನವಾಗಿ ಅಕ್ಷರ ಜೋಡಿಸಿ ಕೆಳಗೆ ಸಹಿ ಹಾಕಿದಳು.